ಇಷ್ಟೊಂದು ಹವ್ಯಾಸಗಳಲ್ಲಿ ಯಾವುದನ್ನು ಬಿಡಲಿ?

ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಕೊಡಗಿನಿಂದ ಬಂದ ಪತ್ರಗಳೇ ಜಾಸ್ತಿ. ಬರೆದವರಿಗೆ ಒಬ್ಬರಿಗೊಬ್ಬರ ಪರಿಚಯ ಇಲ್ಲ, ಆದರೂ ಕೇಳಿರುವುದು ಹೆಚ್ಚು ಕಡಿಮೆ ಒಂದೇ. ನನಗೆ ಇಷ್ಟವಾಗಿರುವುದು ಒಂದಲ್ಲ, ಹಲವು, ಏನು ಮಾಡಲಿ ಅಂತ. ಹಾಗಾಗಿ ಈ ಬಾರಿಯ ಪುಟಗಳನ್ನು ಪೂರ್ತಿ ಇದಕ್ಕೇ ಇಟ್ಟಿದ್ದೇವೆ.

ಪ್ರಶ್ನೆ: ಅಕ್ಕ, ನನಗೆ 44 ವರ್ಷ. ನಾಪೋಕ್ಲು ಹತ್ತಿರ ಸಣ್ಣ ಕಾಫಿ ತೋಟ, ಮನೆಯಲ್ಲಿ ಅತ್ತೆ, ಗಂಡ, ಇಬ್ಬರು ಮಕ್ಕಳು. ಚಿಕ್ಕಂದಿನಿಂದ ಚಿತ್ರ ಬರೆಯುತ್ತೇನೆ, ಹೂವು ಎಲೆ ಅಂದ್ರೆ ನನಗೆ ಜೀವ. ಕೊಡವ ಹೆಂಗಸರ ಕುಣಿತ ಉಮ್ಮತ್ತಾಟ್‌ನ ತಂಡದಲ್ಲಿದ್ದೇನೆ. ಕನ್ನಡದಲ್ಲಿ ಕಥೆ ಬರೆಯುತ್ತೇನೆ, ಎರಡು ಪ್ರಕಟವಾಗಿವೆ. ನಮ್ಮ ಮನೆತನದ ಹಾಕಿ ತಂಡದಲ್ಲಿ ಆಡುತ್ತೇನೆ. ಈಗ ಹಕ್ಕಿಗಳ ಫೋಟೊ ತೆಗೆಯುವ ಆಸೆ ಬೇರೆ ಶುರುವಾಗಿದೆ. ಮನೆಯವರು ಬೇಡ ಅನ್ನುವುದಿಲ್ಲ. ಆದರೆ ನೆಂಟರೊಬ್ಬರು ಮದುವೆ ಮನೆಯಲ್ಲಿ ಎಲ್ಲರ ಎದುರು "ಎಲ್ಲದಕ್ಕೂ ಕೈ ಹಾಕ್ತೀಯ, ಒಂದರಲ್ಲೂ ಹೆಸರು ಮಾಡಲಿಲ್ಲ" ಅಂದರು. ಅವತ್ತಿನಿಂದ ಅದೇ ಮಾತು ತಲೆಯಲ್ಲಿ ಕೊರೆಯುತ್ತಿದೆ. ಯಾವುದನ್ನು ಇಟ್ಟುಕೊಳ್ಳಲಿ, ಯಾವುದನ್ನು ಬಿಡಲಿ?

ಉತ್ತರ: ಯಾವುದನ್ನೂ ಬಿಡಬೇಡಿ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಕಾರಣ ಆಮೇಲೆ.

ನಿಮ್ಮ ನೆಂಟರು ಆಡಿದ್ದು ಹೆಸರಿನ ಮಾತು. ನಿಮ್ಮ ಪತ್ರದಲ್ಲಿ ಹೆಸರು ಬೇಕು ಅಂತ ಒಂದು ಸಾಲೂ ಇಲ್ಲ. ಹೂವು ಎಲೆ ಅಂದ್ರೆ ಜೀವ ಅಂತ ಇದೆ. ನಾನು ಹಿಡಿದುಕೊಳ್ಳುವುದು ಆ ಸಾಲನ್ನು. ನೀವು ಕೇಳದೇ ಇದ್ದದ್ದನ್ನು ನೀವು ಪಡೆಯಲಿಲ್ಲ ಅಂತ ಇನ್ನೊಬ್ಬರು ಹೇಳಿದರೆ ನೋವಾಗುತ್ತದೆ ನಿಜ, ಮದುವೆ ಮನೆಯಲ್ಲಿ ಎಲ್ಲರ ಎದುರು ಹೇಳಿದರಂತೂ ಇನ್ನೂ ಜಾಸ್ತಿ. ಆದರೆ ಆ ಮಾತಿಗೆ ನಿಮ್ಮ ವರ್ಷದ ಲೆಕ್ಕಾಚಾರವನ್ನೇ ಬದಲಾಯಿಸುವಷ್ಟು ಬೆಲೆ ಕೊಡಬೇಕಾಗಿಲ್ಲ.

ಒಂದನ್ನೇ ಹಿಡಿದು ಕೂತವರಷ್ಟೇ ಏನಾದರೂ ಸಾಧಿಸುತ್ತಾರೆ ಅನ್ನುವ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಕನ್ನಡದವರಿಗೆ ಈ ನಂಬಿಕೆ ಹೇಗೆ ಬಂತೋ ನನಗೆ ಅರ್ಥವಾಗಿಲ್ಲ, ಯಾಕೆಂದರೆ ನಮ್ಮ ಕಣ್ಣೆದುರೇ ಶಿವರಾಮ ಕಾರಂತರು ಬದುಕಿದ್ದರು. 1902ರಲ್ಲಿ ಹುಟ್ಟಿ 1997ರಲ್ಲಿ ತೀರಿಕೊಳ್ಳುವವರೆಗೆ ಅವರು ಕಾದಂಬರಿ ಬರೆದರು, ಯಕ್ಷಗಾನದ ಅಧ್ಯಯನ ಮಾಡಿ ಅದನ್ನು ಹೊಸದಾಗಿ ರಂಗಕ್ಕೆ ತಂದರು, ಮಕ್ಕಳಿಗಾಗಿ ವಿಶ್ವಕೋಶ ಬರೆದರು, ಮೂಕಿ ಸಿನಿಮಾ ತೆಗೆದರು, ಪುತ್ತೂರಿನಲ್ಲಿ ಬಾಲವನ ಕಟ್ಟಿದರು, ಪರಿಸರದ ಹೋರಾಟಕ್ಕೂ ಇಳಿದರು. ತಮ್ಮ ಆತ್ಮಕಥೆಗೆ ಅವರು ಇಟ್ಟ ಹೆಸರೇ 'ಹುಚ್ಚು ಮನಸ್ಸಿನ ಹತ್ತು ಮುಖಗಳು'. ಇನ್ನು ನಿಮ್ಮಂತೆಯೇ ಕಾಫಿ ಬೆಳೆಯುತ್ತಿದ್ದ ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿಯವರು. ತೋಟ, ಬರವಣಿಗೆ, ಹಕ್ಕಿಗಳ ಫೋಟೊ, ಮೀನು ಹಿಡಿಯುವುದು, ಚಿತ್ರಕಲೆ, ಕೊನೆಕೊನೆಗೆ ಕಂಪ್ಯೂಟರಿನಲ್ಲಿ ಕನ್ನಡದ ಕೆಲಸ. ಇವರ ಎತ್ತರಕ್ಕೆ ನಾವು ಏರಬೇಕು ಅಂತಲ್ಲ ನಾನು ಹೇಳುತ್ತಿರುವುದು. ಇವರಿಬ್ಬರಲ್ಲೂ ಒಂದು ಕೆಲಸ ಇನ್ನೊಂದರ ಒಳಗೆ ಹೋಗಿ ಸೇರಿಕೊಂಡಿತ್ತು. ಕಾಡಿನಲ್ಲಿ ಕ್ಯಾಮೆರಾ ಹಿಡಿದು ಗಂಟೆಗಟ್ಟಲೆ ಕಾದು ಕೂತ ತೇಜಸ್ವಿಯವರ ತಾಳ್ಮೆ ಅವರ ಗದ್ಯದಲ್ಲಿ ಕಾಣುತ್ತದೆ.

ನಿಮ್ಮಲ್ಲೂ ಅದು ಈಗಾಗಲೇ ನಡೆಯುತ್ತಿದೆ. ಪತ್ರದ ಜೊತೆ ಕಳಿಸಿದ ಕಾಫಿ ಹೂವಿನ ಚಿತ್ರವನ್ನು ನಾನು ತುಂಬ ಹೊತ್ತು ನೋಡಿದೆ. ಅರೇಬಿಕಾದ ರೆಂಬೆಗೆ ಐದೈದು ಎಸಳಿನ ಹೂ ಬರೆದಿದ್ದೀರಿ, ಪಕ್ಕದ ರೋಬಸ್ಟ ರೆಂಬೆಯಲ್ಲಿ ಕೆಲವು ಹೂವಿಗೆ ಆರು, ಒಂದೆರಡಕ್ಕೆ ಏಳು. ತೋಟದಲ್ಲೇ ಹುಟ್ಟಿ ಬೆಳೆದ ಎಷ್ಟು ಜನ ಇದನ್ನು ಗಮನಿಸಿದ್ದಾರೆ? ಹೂ ಮಳೆ ಬಿದ್ದು ವಾರ ಒಂಬತ್ತು ದಿನ ಕಳೆದರೆ ತೋಟ ಬೆಳ್ಳಗಾಗುತ್ತದೆ, ಎರಡು ಮೂರು ದಿನಕ್ಕೆ ಹೂ ಬಾಡಿ ಕಂದಾಗುತ್ತದೆ, ಅಷ್ಟರಲ್ಲಿ ನೀವು ಕೂತು ಎಸಳು ಎಣಿಸಿದ್ದೀರಿ. ನಿಮ್ಮ ಪ್ರಕಟವಾದ ಕಥೆಗಳಲ್ಲಿ ಒಂದನ್ನು ನಾನು ಓದಿದ್ದೇನೆ. ಅದರಲ್ಲಿ ಅತ್ತೆ ಮೆಣಸು ಉದುರಿಸುವ ಜಾಗ ಇದೆಯಲ್ಲ, ಆ ಬೆರಳುಗಳನ್ನು ಬರೆದದ್ದು ಎಸಳು ಎಣಿಸಿದ ಅದೇ ಕಣ್ಣು. ಚಿತ್ರ ಬಿಟ್ಟರೆ ಕಥೆ ಸುಧಾರಿಸುತ್ತದೆ ಅಂದುಕೊಂಡಿದ್ದರೆ ಅದು ಆಗುವುದಿಲ್ಲ, ಕಥೆಯೂ ಸೊರಗುತ್ತದೆ.

ಈಗ ನಾನು ಹೇಳಬೇಕೆಂದಿರುವ ಮುಖ್ಯ ವಿಷಯಕ್ಕೆ ಬರುತ್ತೇನೆ. ಎಷ್ಟು ಹವ್ಯಾಸ ಇದ್ದರೆ ಜಾಸ್ತಿ ಆಯಿತು ಅಂತ ತಿಳಿಯುವುದು ಹೇಗೆ? ನಾನು ನೋಡುವುದು ಒಂದನ್ನೇ. ಆ ಕೆಲಸದಲ್ಲಿ ನಿಮಗಾಗಿ ಕಾಯುವವರು ಯಾರಾದರೂ ಇದ್ದಾರಾ? ಮೇಷ್ಟ್ರೋ, ತಂಡವೋ, ಸಂಪಾದಕರೋ, ಪಕ್ಕದ ಮನೆ ಹುಡುಗಿಯೋ, ಯಾರಾದರೂ ಸರಿ. ಯಾರೋ ಕಾಯುತ್ತಿದ್ದಾರೆ ಅನ್ನುವ ಕೆಲಸ ಉಳಿಯುತ್ತದೆ. ಯಾರೂ ಕಾಯದ ಕೆಲಸ, ನಮಗೆ ಎಷ್ಟೇ ಪ್ರೀತಿ ಇದ್ದರೂ, ಕೊಯ್ಲು ಬಂತು, ನೆಂಟರು ಬಂದರು, ಮಗುವಿಗೆ ಜ್ವರ ಬಂತು ಅನ್ನುವಾಗ ಮೊದಲು ಹಿಂದೆ ಬೀಳುತ್ತದೆ. ದುಡಿ ಅನ್ನುವ ಸಣ್ಣ ಚರ್ಮವಾದ್ಯ ಬಾರಿಸುತ್ತ ಹಾಡುವ ಕೊಡವರ ದುಡಿಕೊಟ್ಟ್ ಪಾಟ್ ನೋಡಿ. ನಾಲ್ವರು ಬೇಕು. ಇಬ್ಬರು ಒಂದು ಸಾಲು ಹಾಡಿದರೆ ಇನ್ನಿಬ್ಬರು ಅದನ್ನು ಎತ್ತಿಕೊಳ್ಳಬೇಕು. ಒಬ್ಬ ಬರದಿದ್ದರೆ ಉಳಿದ ಮೂವರು ದುಡಿ ಹಿಡಿದು ಸುಮ್ನೆ ಕೂರಬೇಕಾಗುತ್ತದೆ. ಬರವಣಿಗೆಗೆ ಒಂದು ಅಕ್ಷರವೂ ಇಲ್ಲದ ಕಾಲದಿಂದ ಆ ಹಾಡುಗಳು ಬಾಯಿಂದ ಬಾಯಿಗೆ ಉಳಿದು ಬಂದದ್ದಕ್ಕೆ ಅದೂ ಒಂದು ಕಾರಣ ಅಂತ ನಾನು ನಂಬುತ್ತೇನೆ. ನಾಲ್ಕನೆಯವನಿಗಾಗಿ ಮೂವರು ಕಾಯುತ್ತಿದ್ದರು.

ಈ ಲೆಕ್ಕದಲ್ಲಿ ನಿಮ್ಮ ಐದನ್ನೂ ಇಟ್ಟು ನೋಡೋಣ. ಉಮ್ಮತ್ತಾಟ್‌ಗೆ ತಂಡ ಇದೆ. ತಾಳ ಹಿಡಿದು ಸುತ್ತ ನಿಲ್ಲುವಾಗ ನಿಮ್ಮ ಜಾಗ ಖಾಲಿ ಇದ್ದರೆ ಎಲ್ಲರಿಗೂ ಗೊತ್ತಾಗುತ್ತದೆ. ಹಾಕಿಗೆ ಇಡೀ ಮನೆತನವೇ ಇದೆ. 1997ರಲ್ಲಿ ಕರಡ ಊರಿನಲ್ಲಿ 60 ಮನೆತನಗಳಿಂದ ಶುರುವಾದ ಕೊಡವ ಮನೆತನಗಳ ಹಾಕಿ ಹಬ್ಬಕ್ಕೆ ಈಗ ನೂರಾರು ಮನೆತನಗಳು ಬರುತ್ತವೆ, ಅಜ್ಜ ಮೊಮ್ಮಗ ಒಂದೇ ತಂಡದಲ್ಲಿ ಆಡುತ್ತಾರೆ, ನಿಮ್ಮನ್ನು ಅಲ್ಲಿಂದ ಯಾರು ಬಿಡುತ್ತಾರೆ ಹೇಳಿ. ಕಥೆಗೆ ಸಂಪಾದಕರು ಇದ್ದಾರೆ, ನಮ್ಮ ಪತ್ರಿಕೆಯೂ ನಿಮ್ಮ ಮೂರನೆಯ ಕಥೆಗೆ ಕಾಯುತ್ತದೆ ಅಂತ ಇಲ್ಲೇ ಬರೆದುಕೊಡುತ್ತೇನೆ. ಉಳಿದದ್ದು ಚಿತ್ರ ಮತ್ತು ಹಕ್ಕಿ ಫೋಟೊ. ಎಲ್ಲಕ್ಕಿಂತ ಹಳೆಯದು, ಎಲ್ಲಕ್ಕಿಂತ ಪ್ರೀತಿಯದು ಚಿತ್ರ, ಆದರೆ ಅದಕ್ಕೇ ಕಾಯುವವರು ಇಲ್ಲ. ನನಗೆ ಭಯ ಇರುವುದು ಆ ಚಿತ್ರದ ಬಗ್ಗೆ.

ಹಾಗಾಗಿ ಒಂದು ಸಲಹೆ. ಕೊಡಗಿನಲ್ಲಿ 1,200ಕ್ಕೂ ಹೆಚ್ಚು ದೇವರಕಾಡುಗಳಿವೆ, ನಿಮ್ಮ ಊರಲ್ಲೂ ಒಂದು ಇದ್ದೇ ಇರುತ್ತದೆ. ಅಲ್ಲಿನ ಗಿಡಗಳನ್ನು ಒಂದೊಂದಾಗಿ ಬರೆಯಲು ಶುರು ಮಾಡಿ. ಊರಿನ ಹಿರಿಯರು ಆ ಗಿಡಕ್ಕೆ ಏನು ಹೆಸರು ಹೇಳುತ್ತಾರೋ ಅದನ್ನೇ ಕೆಳಗೆ ಬರೆಯಿರಿ, ಸಸ್ಯಶಾಸ್ತ್ರದ ಹೆಸರು ಗೊತ್ತಾಗದಿದ್ದರೆ ಪೊನ್ನಂಪೇಟೆಯ ಅರಣ್ಯ ಕಾಲೇಜಿನಲ್ಲಿ ಕೇಳಬಹುದು. ಪ್ರತಿ ಚಿತ್ರದ ಒಂದು ಪ್ರತಿಯನ್ನು ಊರಿನ ಶಾಲೆಗೆ ಕೊಡುತ್ತೇನೆ ಅಂತ ಹೆಡ್‌ಮೇಷ್ಟ್ರಿಗೆ ಮಾತು ಕೊಡಿ. ಗೋಡೆಯ ಮೇಲೆ ಮೂರು ಚಿತ್ರ ಬಂದ ಮೇಲೆ ಮಕ್ಕಳು ನಾಲ್ಕನೆಯದು ಯಾವಾಗ ಅಂತ ಕೇಳುತ್ತಾರೆ. ಅಷ್ಟಾದರೆ ಆಯಿತು. ಹಕ್ಕಿ ಫೋಟೊ ಬಗ್ಗೆ ಈಗಲೇ ಏನೂ ಹೇಳುವುದಿಲ್ಲ, ಹೊಸ ಆಸೆ, ಒಂದು ವರ್ಷ ಆಡಿಕೊಂಡಿರಲಿ, ಯಾರ ಅಪ್ಪಣೆಯೂ ಬೇಡ.

ಸಮಯದ ಪ್ರಶ್ನೆಯನ್ನು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ದಿನಕ್ಕೆ ಇದಕ್ಕೆ ಅರ್ಧ ಗಂಟೆ, ಅದಕ್ಕೆ ಅರ್ಧ ಗಂಟೆ ಅಂತ ಹಂಚುವ ಟೈಂಟೇಬಲ್ ಪಟ್ಟಣದಲ್ಲಿ ಆಫೀಸಿಗೆ ಹೋಗುವವರಿಗೆ ಸರಿ. ತೋಟದವರಿಗೆ ದಿನ ಕೈಯಲ್ಲಿರುವುದಿಲ್ಲ, ಕಾಲ ಇರುತ್ತದೆ. ಜನವರಿಯಿಂದ ಮಾರ್ಚ್‌ವರೆಗೆ ರೋಬಸ್ಟ ಕೊಯ್ಲು, ಕಣದಲ್ಲಿ ಒಣಗಿಸುವುದು, ನಡುವೆ ಮೆಣಸು, ಆಗ ಏನೂ ಆಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ಜೇಬಿನಲ್ಲಿ ಒಂದು ಸಣ್ಣ ಪುಸ್ತಕ ಇರಲಿ, ಕಿವಿಗೆ ಬಿದ್ದ ಮಾತು ಗೀಚಿಡಿ, ಸಾಕು. ಏಪ್ರಿಲ್ ಮೇ ಹಾಕಿಗೆ. ಜೂನ್ ಬಂದು ಮಳೆ ಹಿಡಿದ ಮೇಲೆ ಕರೆಂಟು ಇರಲಿ ಬಿಡಲಿ, ಕಥೆಗೆ ಅದಕ್ಕಿಂತ ಒಳ್ಳೆ ಕಾಲ ಬೇರೆ ಇಲ್ಲ. ಸೆಪ್ಟೆಂಬರಿನ ಕೈಲ್ ಮುಹೂರ್ತ ಹಬ್ಬ ಕಳೆದು ಬಿಸಿಲು ಕಾಣಿಸಿಕೊಂಡ ಮೇಲೆ ದೇವರಕಾಡಿನ ಚಿತ್ರ, ಆಗ ಮಳೆ ಕುಡಿದ ಎಲೆ ತಾಜಾ ಇರುತ್ತದೆ. ಅಲ್ಲಿಂದ ತುಲಾ ಸಂಕ್ರಮಣ, ಸುಗ್ಗಿ ಹಬ್ಬ ಹುತ್ತರಿ, ಉಮ್ಮತ್ತಾಟ್‌ನ ಅಭ್ಯಾಸ. ಕಥೆಯ ಕಾಲದಲ್ಲಿ ಚಿತ್ರ ಬರೆಯಲಿಲ್ಲ ಅಂತ ಕೊರಗಬೇಡಿ. ಅದರ ಸರದಿ ಬರುತ್ತದೆ.

ಆ ನೆಂಟರು ಮತ್ತೆ ಸಿಕ್ಕಾಗ ಏನೂ ಉತ್ತರ ಕೊಡಬೇಕಾಗಿಲ್ಲ. ಹುತ್ತರಿಗೆ ಊರಿನವರು ಸೇರಿ ಕುಣಿಯುವ ಮೈದಾನ ಮಂದ್‌ನಲ್ಲಿ ಹೇಗೂ ನಿಮ್ಮನ್ನು ನೋಡುತ್ತಾರೆ.

ಪ್ರಶ್ನೆ: ಮೇಡಂ, ನಾನು ಮಡಿಕೇರಿಯಲ್ಲಿ ಡಿಗ್ರಿ ಎರಡನೇ ವರ್ಷ ಓದುತ್ತಿದ್ದೇನೆ. ಕಾಲೇಜಿನ ವಾರ್ಷಿಕ ಸಂಚಿಕೆಗೆ 'ಹಲವು ಕಲೆಗಳ ಬದುಕು' ಅಂತ ಲೇಖನ ಬರೆಯಬೇಕು. ಎಲ್ಲರೂ ಹೊರಗಿನವರ ಹೆಸರೇ ಹೇಳುತ್ತಾರೆ. ನಮ್ಮ ಕೊಡಗಿನಲ್ಲಿ ಹಾಗೆ ಬದುಕಿದವರು ಇಲ್ಲವೇ?

ಉತ್ತರ: ಇದ್ದಾರೆ, ಮತ್ತೆ ಅವರ ಬಗ್ಗೆ ಬರೆಯಬೇಕಾದವರು ನಿಮ್ಮಂಥವರೇ.

ಹರದಾಸ ಅಪ್ಪಚ್ಚಕವಿಯಿಂದ ಶುರು ಮಾಡಿ. 1868ರಲ್ಲಿ ಹುಟ್ಟಿ 1944ರವರೆಗೆ ಇದ್ದವರು. ಕೊಡವ ಭಾಷೆಯಲ್ಲಿ ನಾಟಕ ಅನ್ನುವುದೇ ಇಲ್ಲದಿದ್ದಾಗ ಯಯಾತಿ, ಸಾವಿತ್ರಿ, ಸುಬ್ರಹ್ಮಣ್ಯ, ಕಾವೇರಿ ಅಂತ ನಾಟಕ ಬರೆದರು. ಬರೆದು ಕೈ ತೊಳೆದುಕೊಳ್ಳಲಿಲ್ಲ. ಹಾಡು ಕಟ್ಟಿದರು, ಜನರನ್ನು ಸೇರಿಸಿ ಆಡಿಸಿದರು, ಹರಿಕಥೆ ಮಾಡಿದರು. ಅವರ ಹೆಸರಿನ ಹಿಂದಿರುವ ಹರದಾಸ ಎಂಬುದನ್ನು ಸುಮ್ನೆ ಬಿರುದು ಅಂದುಕೊಂಡು ದಾಟಿ ಹೋಗಬೇಡಿ. ನಿಂತು ಕಥೆ ಹೇಳಿ ಹಾಡುವ ಮನುಷ್ಯ ಬರೆದ ನಾಟಕ ಅದು. ಆ ಸಾಲುಗಳನ್ನು ಬಾಯಿಬಿಟ್ಟು ಓದಿ ನೋಡಿ, ಕಣ್ಣಲ್ಲಿ ಓದಿದರೆ ಅರ್ಧವೇ ಸಿಗುತ್ತದೆ.

ಆಮೇಲೆ ನಡಿಕೇರಿಯಂಡ ಚಿಣ್ಣಪ್ಪ, 1875ರಿಂದ 1931. ಊರೂರು ತಿರುಗಿ ಹಿರಿಯರ ಬಾಯಲ್ಲಿದ್ದ ಹಾಡು, ಗಾದೆ, ಹಬ್ಬ ಮದುವೆಗಳ ಪದ್ಧತಿ ಎಲ್ಲವನ್ನೂ ಕನ್ನಡ ಲಿಪಿಯಲ್ಲಿ ಬರೆದುಕೊಂಡರು. ಅದು 1924ರಲ್ಲಿ 'ಪಟ್ಟೋಲೆ ಪಳಮೆ' ಆಗಿ ಅಚ್ಚಾಯಿತು. ಇವತ್ತಿಗೂ ಹುತ್ತರಿ ಹಾಡಿನ ಒಂದು ಸಾಲಿನ ಬಗ್ಗೆ ಜಗಳ ಬಂದರೆ ಜನ ಆ ಪುಸ್ತಕ ತೆಗೆಯುತ್ತಾರೆ. ಅವರು ಬರೀ ಸಂಗ್ರಹ ಮಾಡಿದವರಲ್ಲ, ಸ್ವತಃ ಕವಿ, ಹಾಡುಗಾರ, ಭಗವದ್ಗೀತೆಯನ್ನು ಕೊಡವ ಭಾಷೆಗೆ ತಂದವರು. ಹಾಡು ಬಾರದವರು ಹಾಡು ಸಂಗ್ರಹಿಸಲು ಹೋದರೆ ಪದ ಸಿಗುತ್ತದೆ, ಎಳೆತ ಸಿಗುವುದಿಲ್ಲ. ಚಿಣ್ಣಪ್ಪನವರಿಗೆ ಎರಡೂ ಸಿಕ್ಕಿತು.

ಮೂರನೆಯವರು ಕೊಡಗಿನ ಗೌರಮ್ಮ. ದಯವಿಟ್ಟು ಇವರಿಗೆ ಜಾಸ್ತಿ ಜಾಗ ಕೊಡಿ. ಮಡಿಕೇರಿಯಲ್ಲಿ 1912ರಲ್ಲಿ ಹುಟ್ಟಿದರು. ಮದುವೆಯಾಗಿ ಸುಂಟಿಕೊಪ್ಪದ ಕಡೆಯ ಕಾಫಿ ತೋಟಕ್ಕೆ ಹೋದರು. ವಿಧವೆಯರ ಪಾಡು, ವರದಕ್ಷಿಣೆ, ಹೆಣ್ಣುಮಕ್ಕಳ ಮನಸ್ಸು, ಇವನ್ನೆಲ್ಲ ಆ ಕಾಲದಲ್ಲಿ ಯಾವ ಅಂಜಿಕೆಯೂ ಇಲ್ಲದೆ ಸಣ್ಣ ಕಥೆಗಳಲ್ಲಿ ಬರೆದರು. ಅದರ ಜೊತೆಗೇ ಟೆನಿಸ್ ಆಡಿದರು, ಈಜಿದರು. 1934ರಲ್ಲಿ ಗಾಂಧೀಜಿ ಕೊಡಗಿಗೆ ಬಂದಾಗ ತಮ್ಮ ಮನೆಗೂ ಬರಬೇಕು ಅಂತ ಉಪವಾಸ ಕೂತು ಕರೆಸಿಕೊಂಡು, ಮೈಮೇಲಿನ ಒಡವೆಗಳನ್ನು ಹರಿಜನ ನಿಧಿಗೆ ಕೊಟ್ಟರು. 1939ರಲ್ಲಿ ಈಜಲು ಹೋದಾಗ ಹೊಳೆಯಲ್ಲಿ ತೀರಿಕೊಂಡರು, 27 ವರ್ಷ ಅಷ್ಟೇ. ಕಥೆಗಳು ಪುಸ್ತಕವಾಗಿ ಬಂದದ್ದು ಅವರು ಹೋದ ಮೇಲೆ. ಗೌರಮ್ಮನ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಕಥೆಗಳ ಬಗ್ಗೆ ಬರೆದು, ಟೆನಿಸ್ಸನ್ನು ಕೊನೆಗೆ ಒಂದು ಸಾಲಿನಲ್ಲಿ ಮುಗಿಸುತ್ತಾರೆ. ನನಗೆ ಅದು ಸರಿ ಕಾಣುವುದಿಲ್ಲ. 1930ರ ದಶಕದಲ್ಲಿ ಮೈಚಳಿ ಬಿಟ್ಟು ಓಡಿ ಆಡಿದ, ನೀರಿಗೆ ಧುಮುಕಿದ ಹೆಣ್ಣುಮಗಳು ಬರೆದ ಕಥೆಗಳು ಅವು. ಅವರ ಹೆಣ್ಣು ಪಾತ್ರಗಳು ತಲೆ ತಗ್ಗಿಸದೆ ಮಾತಾಡುವುದಕ್ಕೂ ಆ ಆಟಕ್ಕೂ ಸಂಬಂಧ ಇದೆ ಅಂತ ನನ್ನ ಬಲವಾದ ನಂಬಿಕೆ. ಅದನ್ನು ಹುಡುಕಿ ಬರೆಯಿರಿ, ನಿಮ್ಮ ಲೇಖನ ಬೇರೆಯವರದಕ್ಕಿಂತ ಬೇರೆ ಆಗುತ್ತದೆ.

ಬರೀ ಹಿಂದಿನವರು ಬೇಡ ಅನ್ನಿಸಿದರೆ ಉಮ್ಮತ್ತಾಟ್‌ಗಾಗಿ ಬದುಕು ಕೊಟ್ಟ ರಾಣಿ ಮಾಚಯ್ಯ ಅವರಿದ್ದಾರೆ, 2023ರಲ್ಲಿ ಪದ್ಮಶ್ರೀ ಬಂತು. ಒಂದೇ ಕಲೆಯನ್ನು ಹಿಡಿದು ನಡೆದವರು. ಲೇಖನದಲ್ಲಿ ಅವರನ್ನೂ ಎದುರಿಗೆ ಇಟ್ಟರೆ ಎರಡು ದಾರಿಯೂ ಕಾಣುತ್ತದೆ, ಅಲ್ವಾ?

ಪ್ರಶ್ನೆ: ನನ್ನ ಮಗ ಸೆಕೆಂಡ್ ಪಿಯುಸಿ, ಸೈನ್ಸ್. ಮಾರ್ಕ್ಸ್ ಪರವಾಗಿಲ್ಲ. ಆದರೆ ದಸರಾ ಬಂತೆಂದರೆ ಮಂಟಪದ ಕೆಲಸಕ್ಕೆ ಹೋಗಿಬಿಡುತ್ತಾನೆ, ಚಿತ್ರ ಬರೆಯುತ್ತಾನೆ, ಮಣ್ಣಲ್ಲಿ ಗೊಂಬೆ ಮಾಡುತ್ತಾನೆ, ನಾಟಕ ಅನ್ನುತ್ತಾನೆ, ಲೈಟಿಂಗ್ ಅನ್ನುತ್ತಾನೆ. ಯಾವುದು ಬೇಕು ಹೇಳು ಅಂದರೆ ಎಲ್ಲ ಬೇಕು ಅನ್ನುತ್ತಾನೆ. ಹೊಟ್ಟೆಪಾಡಿಗೆ ಏನು ಮಾಡುತ್ತಾನೆ ಅಂತ ನಿದ್ದೆ ಬರುವುದಿಲ್ಲ. — ಒಬ್ಬ ತಾಯಿ, ಮಡಿಕೇರಿ

ಉತ್ತರ: ಅಮ್ಮ, ನಿಮ್ಮ ಚಿಂತೆ ನ್ಯಾಯವಾದದ್ದು. ಆದರೆ ಹುಡುಗ 'ಎಲ್ಲ ಬೇಕು' ಅನ್ನುವುದಕ್ಕೆ ಒಂದು ಅರ್ಥ ಇದೆ. ಮಡಿಕೇರಿ ದಸರಾ ಮೆರವಣಿಗೆಯ ದಶಮಂಟಪದ ಹತ್ತಿರ ವಿಜಯದಶಮಿ ರಾತ್ರಿ ಒಮ್ಮೆ ನಿಂತು ನೋಡಿ. ಟ್ರಾಕ್ಟರ್ ಮೇಲೆ ಒಂದು ಪುರಾಣದ ಕಥೆ, ಅದಕ್ಕೆ ಮೂರ್ತಿ, ಮೂರ್ತಿಗೆ ಚಲನೆ, ಬೆಳಕು, ಶಬ್ದ, ಹೊಗೆ. ಕಥೆ ಗೊತ್ತಿರಬೇಕು, ಕೈಕೆಲಸ ಗೊತ್ತಿರಬೇಕು, ವೈರಿಂಗ್ ಗೊತ್ತಿರಬೇಕು. ಅವನಿಗೆ ಅದೆಲ್ಲ ಬೇರೆ ಬೇರೆ ಕೆಲಸವಾಗಿ ಕಾಣುತ್ತಿಲ್ಲ, ಒಂದೇ ಕೆಲಸ ಅದು.

ದಾರಿಗಳೂ ಇವೆ. ಪಿಯುಸಿ ಆದ ಮೇಲೆ ಬಿವಿಎ ಅಂತ ನಾಲ್ಕು ವರ್ಷದ ದೃಶ್ಯಕಲೆಯ ಪದವಿ ಇದೆ, ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿಯಲ್ಲಿ ಓದಬಹುದು, ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲೂ ಓದಬಹುದು. ಮೊದಲು ಎಲ್ಲರಿಗೂ ಒಂದೇ ಬುನಾದಿ ಪಾಠ, ಚಿತ್ರಕಲೆ ಬೇಕಾ ಶಿಲ್ಪ ಬೇಕಾ ಅನ್ವಯಿಕ ಕಲೆ ಬೇಕಾ ಅಂತ ಆರಿಸುವುದು ಆಮೇಲೆ. ಇಂಥ ಹುಡುಗನಿಗೆ ಅದು ಒಳ್ಳೆಯದು, ಕೈ ಆಡಿಸಿ ನೋಡಿ ಆರಿಸಬಹುದು. ನಾಟಕದ ಸೆಳೆತವೇ ಜಾಸ್ತಿ ಅನ್ನಿಸಿದರೆ ಹೆಗ್ಗೋಡಿನ ನೀನಾಸಂನಲ್ಲಿ 1980ರಿಂದ ರಂಗಶಿಕ್ಷಣ ಕೊಡುತ್ತಿದ್ದಾರೆ. ಅಲ್ಲೇ ಉಳಿದು ಕಲಿಯಬೇಕು, ನಟನೆ ಒಂದೇ ಅಲ್ಲ, ರಂಗಸಜ್ಜಿಕೆ, ಬೆಳಕು ಎಲ್ಲ ಕೈಯಾರೆ ಮಾಡಬೇಕು. ಮೊದಲು ಡಿಗ್ರಿ, ಆಮೇಲೆ ಅದು ಅಂತಲೂ ಮಾಡಬಹುದು.

ಹಣದ ಮಾತು ನೇರವಾಗಿ ಹೇಳುತ್ತೇನೆ. ಶುರುವಿನ ಕೆಲವು ವರ್ಷ ಕಷ್ಟವೇ. ಒಂದೇ ಕಡೆ ಸಂಬಳ ಸಿಗದೆ ಇರಬಹುದು. ಆದರೆ ಸೆಟ್ ಹಾಕಲು ಬರುತ್ತದೆ, ಲೈಟ್ ಮಾಡಲು ಬರುತ್ತದೆ, ಚಿತ್ರ ಬರೆದು ತೋರಿಸಲು ಬರುತ್ತದೆ ಅನ್ನುವ ಹುಡುಗನಿಗೆ ಒಂದು ಕೆಲಸ ಇಲ್ಲದ ತಿಂಗಳು ಇನ್ನೊಂದು ಸಿಗುತ್ತದೆ. ಈಗ ಮಾಡಬೇಕಾದ್ದು ಇಷ್ಟೇ. ಪಿಯುಸಿ ಪರೀಕ್ಷೆ ಚೆನ್ನಾಗಿ ಮುಗಿಸಲಿ, ಅದರಲ್ಲಿ ರಾಜಿ ಬೇಡ. ಮಾಡಿದ ಕೆಲಸದ ಫೋಟೊಗಳನ್ನೆಲ್ಲ, ಮಂಟಪದ್ದೂ ಸೇರಿಸಿ, ಒಂದು ಫೈಲ್ ಮಾಡಿಡಲಿ. ಕಲಾ ಶಾಲೆಯ ಸಂದರ್ಶನಕ್ಕೆ ಹೋದಾಗ ಅದು ಉಪಯೋಗಕ್ಕೆ ಬರುತ್ತದೆ.

ಪ್ರಶ್ನೆ: ಸೇನೆಯಿಂದ ನಿವೃತ್ತನಾಗಿ ಗೋಣಿಕೊಪ್ಪದಲ್ಲಿ ನೆಲೆಸಿದ್ದೇನೆ. 66 ವರ್ಷ. ಸರ್ವಿಸ್‌ನಲ್ಲಿದ್ದಾಗ ಬ್ಯಾಂಡ್‌ನಲ್ಲಿ ಬಾರಿಸಿದ್ದೇನೆ, ಗಡಿಯಲ್ಲಿ ಫೋಟೊ ತೆಗೆದಿದ್ದೇನೆ, ಬಡಗಿ ಕೆಲಸವೂ ಬರುತ್ತದೆ. ಈಗ ಜಲವರ್ಣ ಕಲಿಯಬೇಕು ಅಂತ ಆಸೆ. ತಡವಾಯಿತೇ?

ಉತ್ತರ: ಇಲ್ಲ ಸರ್. ರವೀಂದ್ರನಾಥ ಟ್ಯಾಗೋರರ ಚಿತ್ರಗಳ ಮೊದಲ ಪ್ರದರ್ಶನ ಪ್ಯಾರಿಸ್‌ನಲ್ಲಿ ಆದದ್ದು 1930ರಲ್ಲಿ, ಆಗ ಅವರು ಎಪ್ಪತ್ತರ ಹತ್ತಿರ ಇದ್ದರು. ಆ ಚಿತ್ರಗಳು ಹುಟ್ಟಿದ್ದು ಎಲ್ಲಿ ಗೊತ್ತಾ? ಕವಿತೆಯ ಹಸ್ತಪ್ರತಿಯಲ್ಲಿ ಬೇಡದ ಸಾಲುಗಳನ್ನು ಹೊಡೆದುಹಾಕುವಾಗ ಆ ಗೀಚುಗಳನ್ನೇ ಒಂದಕ್ಕೊಂದು ಸೇರಿಸಿ ಆಕಾರ ಮಾಡುತ್ತಿದ್ದರು. ಜೀವಮಾನವಿಡೀ ಬರೆದ ಕೈ ಚಿತ್ರಕ್ಕೂ ತಯಾರಾಗಿತ್ತು. ಫೋಟೊ ತೆಗೆದ ನಿಮಗೂ ಬೆಳಕು ಎಲ್ಲಿಂದ ಬೀಳುತ್ತದೆ ಅಂತ ಹೊಸದಾಗಿ ಹೇಳಿಕೊಡಬೇಕಾಗಿಲ್ಲ, ಅದು ಜಲವರ್ಣದ ಅರ್ಧ ಪಾಠ.

ಕೊಡಗಿನ ಮಳೆಯ ಬಗ್ಗೆ ಮಾತ್ರ ಎಚ್ಚರಿಕೆ. ಪೇಪರ್ 300 ಜಿಎಸ್‌ಎಂ ದಪ್ಪದ್ದು ತಗೊಳ್ಳಿ, ತೆಳುವಾದದ್ದು ನೀರು ಬಿದ್ದ ಕೂಡಲೇ ಉಬ್ಬುತ್ತದೆ. ಜೂನ್‌ನಿಂದ ಆಗಸ್ಟ್‌ವರೆಗೆ ಬಣ್ಣ ಬೇಗ ಒಣಗುವುದಿಲ್ಲ. ಅವಸರ ಮಾಡಿ ಎರಡನೇ ಪದರ ಹಾಕಿದರೆ ಕೆಸರಾಗುತ್ತದೆ. ಮೊದಲ ಪದರದ ಮೇಲೆ ಕೈಯ ಹಿಂಭಾಗ ಇಟ್ಟು ನೋಡಿ, ತಣ್ಣಗಿದ್ದರೆ ಇನ್ನೂ ಒದ್ದೆ ಅಂತ. ಒಂದು ಚಿತ್ರ ಒಣಗುವಾಗ ಇನ್ನೊಂದು ಶುರು ಮಾಡಿ. ಉಳಿದ ಪೇಪರನ್ನು ಬೀರುವಿನಲ್ಲಿ ಹಾಗೇ ಇಟ್ಟರೆ ಬೂಸ್ಟು ಬಂದು ಕಂದು ಚುಕ್ಕಿ ಬೀಳುತ್ತದೆ. ಗಟ್ಟಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿಡಿ, ಹಳೆಯ ಕ್ಯಾಮೆರಾ ಲೆನ್ಸ್‌ಗಳಿಗೂ ಅದೇ ವ್ಯವಸ್ಥೆ ಬೇಕು, ಒಳಗೆ ಒಮ್ಮೆ ಫಂಗಸ್ ಹಿಡಿದರೆ ತೆಗೆಸುವುದು ಕಷ್ಟ. ಡ್ರಮ್ ಇದ್ದರೆ, ಚರ್ಮದ್ದಾದರೆ, ಮಳೆಯಲ್ಲಿ ಸಡಿಲ ಬೀಳುತ್ತದೆ, ಬಾರಿಸುವ ಮೊದಲು ಬೆಂಕಿಯ ದೂರದ ಕಾವು ತೋರಿಸಿ. ಇನ್ನೊಂದು ಮಾತು. ಬಡಗಿ ಕೆಲಸ ಬರುತ್ತದಲ್ಲ, ನಿಮ್ಮ ಚಿತ್ರಕ್ಕೆ ಫ್ರೇಮ್ ನೀವೇ ಮಾಡಿ.

ಪ್ರಶ್ನೆ: ಕುಶಾಲನಗರದಲ್ಲಿ ಬ್ಯಾಂಕ್ ಕೆಲಸ. ಅಟ್ಟದ ತುಂಬ ಅರ್ಧಕ್ಕೆ ನಿಂತ ಹವ್ಯಾಸಗಳು. ಮುಟ್ಟದೆ ಬಿಟ್ಟ ವೀಣೆ, ಅರ್ಧ ಹೆಣೆದ ಸ್ವೆಟರ್, ಮರ ಕೆತ್ತುವ ಉಳಿಗಳು, ಒಂದು ಕಾದಂಬರಿಯ ಏಳು ಅಧ್ಯಾಯ. ನೋಡಿದಾಗಲೆಲ್ಲ ತಪ್ಪಿತಸ್ಥ ಭಾವ.

ಉತ್ತರ: ಎಲ್ಲವನ್ನೂ ಒಂದೇ ರಾಶಿ ಅಂತ ನೋಡಬೇಡಿ, ಒಂದೊಂದರ ಕಥೆ ಬೇರೆ.

ವೀಣೆಯನ್ನು ಮೊದಲು ಕೆಳಗಿಳಿಸಿ. ತಂತಿಯ ಕೆಳಗಿರುವ ಅದರ ಮೆಟ್ಟಿಲುಗಳು, ಅಂದರೆ ಸ್ವರದ ಪಟ್ಟಿಗಳು, ಮೇಣದ ಮೇಲೆ ಕೂತಿರುತ್ತವೆ. ಅಟ್ಟದ ಸೆಕೆ, ಮಳೆಗಾಲದ ತೇವ ಎರಡೂ ಅದಕ್ಕೆ ಆಗುವುದಿಲ್ಲ, ಮೇಣ ಸರಿದರೆ ಸ್ವರ ಹೋಯಿತು. ಮೈಸೂರು ನಿಮಗೆ ದೂರ ಅಲ್ಲ, ವೀಣೆ ಮಾಡುವವರ ಹತ್ತಿರ ಕೊಂಡುಹೋಗಿ ಸರಿಮಾಡಿಸಿ. ಮುಂದೆ ನುಡಿಸುತ್ತೀರಾ ಇಲ್ಲವಾ ಅದು ಆಮೇಲೆ. ನುಡಿಸುವುದಿಲ್ಲ ಅಂತ ಮನಸ್ಸಿಗೆ ಗೊತ್ತಿದ್ದರೆ ಕಲಿಯುತ್ತಿರುವ ಒಂದು ಮಗುವಿಗೆ ಕೊಡಿ, ಒಳ್ಳೆ ವೀಣೆ ಕೊಳ್ಳಲಾಗದ ಮಕ್ಕಳು ಎಷ್ಟೋ ಇದ್ದಾರೆ. ಸ್ವೆಟರ್ ಮಳೆಗೆ ಮೊದಲು ಮುಗಿಸಿಬಿಡಿ, ಯಾರಿಗಾಗಿ ಶುರು ಮಾಡಿದ್ದಿರೋ ಅವರು ಈಗ ದೊಡ್ಡವರಾಗಿದ್ದರೆ ಅಳತೆ ನೋಡಿಕೊಂಡು ಬೇರೆಯವರಿಗೆ. ಉಳಿಗಳಿಗೆ ಎಣ್ಣೆ ಒರೆಸಿ ಸುತ್ತಿಡಿ, ಅವಕ್ಕೆ ಅವಸರ ಇಲ್ಲ.

ಕಾದಂಬರಿ ಮಾತ್ರ ನನ್ನನ್ನು ಕಾಡುತ್ತಿದೆ. ಏಳು ಅಧ್ಯಾಯ ಅಂದರೆ ಬಿಟ್ಟ ಕೆಲಸ ಅಲ್ಲ, ನಿಂತ ಕೆಲಸ. ಯಾರಿಗಾದರೂ ಒಬ್ಬರಿಗೆ ಓದಲು ಕೊಡಿ, ಮನೆಯವರಿಗೆ ಬೇಡ, ನಿಮ್ಮನ್ನು ಮೆಚ್ಚಿಸಬೇಕಾಗಿಲ್ಲದ ಯಾರಿಗಾದರೂ. ಮೊದಲ ಉತ್ತರದಲ್ಲಿ ಕಾಯುವವರ ಬಗ್ಗೆ ಹೇಳಿದೆನಲ್ಲ, ಎಂಟನೆಯ ಅಧ್ಯಾಯ ಎಲ್ಲಿ ಅಂತ ಅವರು ಕೇಳಿದರೆ ಕೂತು ಬರೆಯಿರಿ. ಕೇಳದಿದ್ದರೆ ಕಟ್ಟಿಡಿ, ಬೇಸರ ಬೇಡ. ಕೆಲವು ಹವ್ಯಾಸಗಳಿಂದ ನಮಗೆ ಬೇಕಾದ್ದು ಸಿಕ್ಕಿದ ಮೇಲೆ ಅವು ಮುಗಿದಿರುತ್ತವೆ, ನೀವು ಬೆನ್ನು ತೋರಿಸಿದಿರಿ ಅಂತ ಅರ್ಥ ಅಲ್ಲ. ಮೇಷ್ಟ್ರ ಹತ್ತಿರ ಕಲಿಯುತ್ತಿದ್ದು ನಿಲ್ಲಿಸಿದ್ದರೆ ಮಾತ್ರ ಒಂದು ಸಲ ಹೋಗಿ ಹೇಳಿ ಬನ್ನಿ. ಹೇಳದೆ ನಿಲ್ಲಿಸಿದ್ದೇ ಹೆಚ್ಚಿನವರಿಗೆ ಒಳಗೆ ಚುಚ್ಚುತ್ತಿರುತ್ತದೆ.

ಪ್ರಶ್ನೆ: ನನ್ನ ಹೆಂಡತಿ ಶಾಲೆಯಲ್ಲಿ ಪಾಠ ಮಾಡುತ್ತಾಳೆ, ಸಂಜೆ ನಾಟಕದ ರಿಹರ್ಸಲ್, ಭಾನುವಾರ ಕಸೂತಿ, ಕೊಡಗಿನ ಗೌಡರ ಮಾತಾದ ಅರೆಭಾಷೆಯಲ್ಲಿ ಕವಿತೆ. ನನಗೆ ಅವಳ ಬಗ್ಗೆ ಹೆಮ್ಮೆ ಇದೆ. ಆದರೆ ಮನೆಯಲ್ಲಿ ನನಗೆ ಜಾಗವೇ ಇಲ್ಲ ಅನ್ನಿಸುತ್ತದೆ. ನನಗೆ ಯಾವ ಕಲೆಯೂ ಬರುವುದಿಲ್ಲ. — ಓದುಗ, ಸೋಮವಾರಪೇಟೆ

ಉತ್ತರ: ಹೆಮ್ಮೆ ಇದೆ ಅಂತ ಮೊದಲು ಬರೆದಿರಿ, ಅದಕ್ಕೆ ಈ ಪತ್ರವನ್ನು ಆರಿಸಿಕೊಂಡೆ. ನಿಮಗೂ ಒಂದು ಹವ್ಯಾಸ ಹಿಡಿಯಿರಿ ಅಂತ ಹೇಳುವುದಿಲ್ಲ, ಬಲವಂತಕ್ಕೆ ಹಿಡಿದದ್ದು ನಿಲ್ಲುವುದಿಲ್ಲ.

ರಿಹರ್ಸಲ್ ಇರುವ ಸಂಜೆಗಳಲ್ಲಿ ಅಡುಗೆಮನೆ ನೀವು ತಗೊಳ್ಳಿ. ಕಡುಬು, ಪಂದಿ ಕರಿ ಬೇಡ, ಅನ್ನ ಸಾರು ಸಾಕು. ನಿಮಗೆ ಜಾಗ ಇಲ್ಲ ಅನ್ನಿಸುವುದನ್ನು ಅವರಿಗೆ ಹೇಳಿ, ದೂರಿನ ಹಾಗೆ ಅಲ್ಲ, ವಾರದಲ್ಲಿ ಒಂದು ಸಂಜೆ ನನ್ನ ಜೊತೆ ಇರಬೇಕು ಅಂತ ಕೇಳಿ. ಇಷ್ಟೆಲ್ಲ ಮಾಡುವ ಹೆಣ್ಣುಮಗಳಿಗೆ ಅದು ಅರ್ಥವಾಗದೆ ಇರುವುದಿಲ್ಲ. ಅರೆಭಾಷೆಯ ಕವಿತೆ ಬರೆದ ದಿನ ಮೊದಲು ನನಗೆ ಓದು ಅನ್ನಿ. ಮತ್ತೆ ನಾಟಕ ಇರುವ ದಿನ ಹೋಗಿ ನೋಡಿ, ಮುಗಿದ ಮೇಲೆ ಚೆನ್ನಾಗಿತ್ತು ಅಂತ ಒಂದು ಮಾತಿನಲ್ಲಿ ನಿಲ್ಲಿಸಬೇಡಿ, ಯಾವ ದೃಶ್ಯದಲ್ಲಿ ಯಾವ ಮಾತು ಚೆನ್ನಾಗಿತ್ತು ಅಂತ ಹೇಳಿ, ಎಲ್ಲಿ ಧ್ವನಿ ಹಿಂದಿನ ಸಾಲಿಗೆ ಕೇಳಲಿಲ್ಲ ಅಂತಲೂ ಹೇಳಿ. ಆ ತಂಡಕ್ಕೆ ಅಂಥ ಒಬ್ಬರು ಬೇಕೇ ಬೇಕು.